ಕರೆಗೆ ಬರುವವು, ಬಾರದವು

ಸಾಯುತ್ತಿರುವ ಮೊಲ ಕೂಗುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಬದುಕಿರುವಷ್ಟು ದಿನವೂ ಬಾಯಿ ಬಿಡದ ಪ್ರಾಣಿ, ಹಲ್ಲಿಗೆ ಸಿಕ್ಕ ಗಳಿಗೆಯಲ್ಲಿ ಎಳೆಗೂಸು ಅತ್ತಂತೆ ಏರಿಳಿಯುವ ಚೀತ್ಕಾರ ತೆಗೆಯುತ್ತದೆ. ಆ ಚೀತ್ಕಾರವನ್ನು ಮನುಷ್ಯನೂ ಹೊರಡಿಸಬಹುದು. ಬೆರಳುದ್ದದ ಒಂದು ಪೀಪಿ, ಅದರೊಳಗೆ ತೆಳು ಪ್ಲಾಸ್ಟಿಕ್ಕಿನ ನಾಲಗೆ, ಬೊಗಸೆ ಮುಚ್ಚಿ ತೆರೆಯುತ್ತ ದನಿಯನ್ನು ಕುಗ್ಗಿಸಿ ಹಿಗ್ಗಿಸುವ ಅಭ್ಯಾಸ ಇದ್ದರೆ ಸಾಕು. ಟೆಕ್ಸಸ್ಸಿನ ಚಳಿಗಾಲದ ರಾತ್ರಿಯಲ್ಲಿ ಅರ್ಧ ಮೈಲಿ ಆಚೆ ಇರುವ ಕಯೋಟಿ ಎಂಬ ನಾಯಿಕುಲದ ಕಾಡುಪ್ರಾಣಿ ಅದನ್ನು ಕೇಳಿ ಕಿವಿ ನಿಮಿರಿಸುತ್ತದೆ. ಹಸಿದಿದ್ದರೆ ಹೊರಟುಬರುತ್ತದೆ.

ಕೆಲವು ವರ್ಷಗಳಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಕರೆಯುವುದು ನನ್ನ ಪಾಲು, ಬಂದೂಕು ಬೇರೆಯವರದು. ನಾನಿರುವಂಥ ವೀಸಾದ ಮೇಲೆ ಇಲ್ಲಿರುವವರಿಗೆ ಬಂದೂಕಿನ ಕಾನೂನು ತೊಡಕಿನದು. ಅದು ಸರಳವಾಗಿದ್ದರೂ ನಾನು ಹಿಡಿಯುತ್ತಿದ್ದೆನೆಂದು ಅನ್ನಿಸುವುದಿಲ್ಲ. ನನ್ನನ್ನು ಹಿಡಿದಿಟ್ಟದ್ದು ಕರೆಯ ವಿದ್ಯೆ. ಕತ್ತಲಲ್ಲಿ ಕಾಣದ ಪ್ರಾಣಿಯೊಂದು ನಮ್ಮ ದನಿಯನ್ನು ಕೇಳಿ, ತೂಗಿ ನೋಡಿ, ಬರಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಆ ತೀರ್ಮಾನದ ಹಿಂದೆ ಏನಿರುತ್ತದೆ ಎಂದು ಯೋಚಿಸುತ್ತ ಹೋದಂತೆ ಕರೆಗೆ ಬಂದ ಕಯೋಟಿಯನ್ನು ಕೊಂದರೆ ಕುರಿ ಉಳಿಯುತ್ತದೆ ಎಂದು ಇಲ್ಲಿನವರು ಆಡುವ ಮಾತು ಅರ್ಧ ಸುಳ್ಳೆಂದು ನನಗೆ ಮನವರಿಕೆಯಾಯಿತು.

ನಾನು ಹೇಳುತ್ತಿರುವ ಸೀಮೆಯ ಹೆಸರು ಎಡ್ವರ್ಡ್ಸ್ ಪ್ರಸ್ಥಭೂಮಿ. ಟೆಕ್ಸಸ್ಸಿನ ನಡುಭಾಗದಿಂದ ಪಶ್ಚಿಮಕ್ಕೆ ಹರಡಿಕೊಂಡಿರುವ ಸುಣ್ಣಕಲ್ಲಿನ ನೆಲ. ಒಂದು ಗೇಣು ಮಣ್ಣು, ಅದರ ಕೆಳಗೆ ಬಂಡೆ. ಗಿಡ್ಡ ಓಕ್ ಮರಗಳು, ಜೂನಿಪರ್ ಪೊದೆಗಳು, ಪಾಪಾಸುಕಳ್ಳಿ, ಮತ್ತು ಎಲ್ಲೆಲ್ಲೂ ಮೆಸ್ಕೀಟ್. ಮೆಸ್ಕೀಟ್ ಎಂದರೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಕೊಪ್ಪಳದ ಕಡೆಯಿಂದ ಬಂದ ನನಗೆ ಆ ಮುಳ್ಳನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ. ನೆಲ ಉಳುಮೆಗೆ ಆಗಿಬರುವುದಿಲ್ಲ, ಕುರಿ ಆಡಿಗೆ ಹೇಳಿಮಾಡಿಸಿದಂತಿದೆ. ಅಮೆರಿಕದಲ್ಲಿ ಅತಿ ಹೆಚ್ಚು ಕುರಿ ಆಡುಗಳಿರುವ ರಾಜ್ಯ ಟೆಕ್ಸಸ್. ಅದರಲ್ಲಿ ದೊಡ್ಡ ಪಾಲು ಈ ಪ್ರಸ್ಥಭೂಮಿಯದು. ಸ್ಯಾನ್ ಆಂಜೆಲೊ ಪಟ್ಟಣದಲ್ಲಿ ಕುರಿ ಸಂತೆಯ ದಿನ ನಿಂತರೆ ಸಾಕು, ಹಿಕ್ಕೆಯ ವಾಸನೆಗೆ ನಮ್ಮೂರ ಸಂತೆ ನೆನಪಾಗುತ್ತದೆ.

ನಾನು ಹೋಗುವ ರ್ಯಾಂಚಿನ, ಅಂದರೆ ಕುರಿ ಮೇಯಿಸುವ ದೊಡ್ಡ ಕಾವಲಿನ, ಒಡೆಯರಾದ ಹಿರಿಯರಿಗೆ ಎಪ್ಪತ್ತು ದಾಟಿದೆ. ಅವರ ಅಜ್ಜನ ಕಾಲದಲ್ಲಿ ಇಲ್ಲಿಯೂ ಮಂದೆಯ ಜೊತೆ ಕುರಿಗಾರರಿರುತ್ತಿದ್ದರು. ಆಮೇಲೆ ತಂತಿಯ ಜಾಲರಿ ಬೇಲಿ ಬಂತು. ಬೇಲಿಯೊಳಗಿನ ತೋಳ, ಕಯೋಟಿಗಳನ್ನು ವಿಷವಿಟ್ಟು, ಬೋನಿಟ್ಟು, ಗುಂಡಿಕ್ಕಿ ಖಾಲಿ ಮಾಡಿದರು. ಟೆಕ್ಸಸ್ಸಿನ ಕಟ್ಟಕಡೆಯ ಬೂದು ತೋಳಗಳು ಸತ್ತದ್ದು 1970ರಲ್ಲಿ. ಕುರಿ ತಿನ್ನುವವರಿಲ್ಲದ ಮೇಲೆ ಕುರಿ ಕಾಯುವವರು ಏಕೆ ಬೇಕು? ಕುರಿಗಾರನ ಕೂಲಿ ಉಳಿಯಿತು. ಮಂದೆ ಬೇಲಿಯೊಳಗೆ ತಾನೇ ಮೇಯ್ದುಕೊಂಡು, ತಾನೇ ಈದುಕೊಂಡು, ವರ್ಷಕ್ಕೆ ಕೆಲವೇ ಸಲ ಮನುಷ್ಯನ ಮುಖ ನೋಡುವ ಪದ್ಧತಿ ಬೇರೂರಿತು. 1943ರ ಸುಮಾರಿಗೆ ಟೆಕ್ಸಸ್ಸಿನಲ್ಲಿ ಒಂದು ಕೋಟಿಗೂ ಹೆಚ್ಚು ಕುರಿಗಳಿದ್ದವು. ಇಂದು ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಉಣ್ಣೆಯ ಬೆಲೆ ಬಿತ್ತು, ಸರಕಾರದ ಉಣ್ಣೆ ಸಹಾಯಧನ ನಿಂತಿತು, ರ್ಯಾಂಚುಗಳು ತುಂಡಾಗಿ ನಗರದವರ ವಾರಾಂತ್ಯದ ಮನೆಗಳಾದವು. ಬೇಲಿಗಳನ್ನು ನೋಡಿಕೊಳ್ಳುವವರು ಕಡಿಮೆಯಾದರು. ಕಯೋಟಿ ಮರಳಿ ಬಂತು. ಕುರಿಗಾರ ಮಾತ್ರ ಮರಳಿ ಬರಲಿಲ್ಲ.

ಇದನ್ನು ಊರಿಗೆ ಫೋನ್ ಮಾಡಿದಾಗ ಹೇಳಿದೆ. ಅಪ್ಪ ಮೂರು ಹೊತ್ತೂ ಕುರಿಯ ಜೊತೆ ಬದುಕಿದವನು. ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಊರೂರು ಸುತ್ತಿ, ರೈತರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಬಲೆ ಕಟ್ಟಿ, ಕಂಬಳಿ ಹೊದ್ದು ಅಲ್ಲೇ ಮಲಗಿದವನು.

"ತಮ್ಮಾ, ರಾತ್ರಿ ಅಲ್ಲಿ ಕುರಿ ಕಾಯುವವರು ಯಾರು?" ಎಂದು ಕೇಳಿದ.

"ಯಾರೂ ಇಲ್ಲ ಅಪ್ಪಾ, ಬೇಲಿ ಇದೆ."

"ಬೇಲಿ ಕೂಗು ಹಾಕುತ್ತದೆಯೇ?"

ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಕರೆಯುವ ಈ ಬೇಟೆಯನ್ನು ಅಂದಿನಿಂದ ಕುರಿಗಾರನಿಲ್ಲದ ಮಂದೆಗೆ ತೆರುವ ತೆರಿಗೆ ಎಂದೇ ನಾನು ನೋಡುತ್ತ ಬಂದಿದ್ದೇನೆ.

ಇನ್ನು ಕರೆಯುವ ಬಗೆ. ಮೊದಲನೆಯದು ಗಾಳಿ, ಎರಡನೆಯದೂ ಗಾಳಿ. ಕಯೋಟಿ ಶಬ್ದ ಕೇಳಿ ಹೊರಟರೂ ನೇರವಾಗಿ ಬರುವುದು ಕಡಿಮೆ. ಶಬ್ದ ಬಂದ ಜಾಗವನ್ನು ಬಳಸಿಕೊಂಡು, ಅಲ್ಲಿಂದ ಗಾಳಿ ಹೊತ್ತುತರುವ ವಾಸನೆ ಮೂಗಿಗೆ ಸಿಗುವ ಕಡೆಗೆ ಸುತ್ತಿ ಬರುತ್ತದೆ. ಕಿವಿಯನ್ನು ನಂಬಿ ಹೊರಡುತ್ತದೆ, ಮೂಗನ್ನು ಕೇಳಿ ನಿರ್ಧರಿಸುತ್ತದೆ. ಆದ್ದರಿಂದ ಪಿಕಪ್ಪನ್ನು ದೂರದ ತಗ್ಗಿನಲ್ಲಿ ನಿಲ್ಲಿಸಿ, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿ, ಗಾಳಿಗೆ ಎದುರಾಗಿ ನಡೆಯಬೇಕು. ಸ್ಪೀಕರ್ ಬಳಸುವವರು ಅದನ್ನು ಐವತ್ತು ಅರವತ್ತು ಹೆಜ್ಜೆ ದೂರದಲ್ಲಿಟ್ಟು ರಿಮೋಟಿನಿಂದ ನುಡಿಸುತ್ತಾರೆ. ಪ್ರಾಣಿ ಸ್ಪೀಕರಿನ ವಾಸನೆ ಹಿಡಿಯಲು ಸುತ್ತುವ ದಾರಿ ಬಂದೂಕಿನ ಮುಂದೆಯೇ ಹಾಯುವಂತೆ ಜಾಗ ಆರಿಸುವುದರಲ್ಲಿ ಅನುಭವ ಕಾಣುತ್ತದೆ. ನಾನು ಬಾಯಿಪೀಪಿಯನ್ನೇ ಇಷ್ಟಪಡುತ್ತೇನೆ. ಸ್ಪೀಕರಿನ ಮೊಲ ಪ್ರತಿಸಲವೂ ಒಂದೇ ರೀತಿ ಸಾಯುತ್ತದೆ. ಬಾಯಿಯ ಮೊಲಕ್ಕೆ ಉಸಿರು ಕಟ್ಟುತ್ತದೆ, ದನಿ ಒಡೆಯುತ್ತದೆ, ನಡುವೆ ಸುಮ್ಮನಾಗಿ ಮತ್ತೆ ಎದ್ದುಕೊಳ್ಳುತ್ತದೆ.

ಅರ್ಧ ನಿಮಿಷ ಕರೆದು ಎರಡು ಮೂರು ನಿಮಿಷ ಸುಮ್ಮನಿರಬೇಕು. ಹೊಸಬರು ಈ ಮೌನವನ್ನು ತಾಳುವುದಿಲ್ಲ, ಒಂದೇ ಸಮನೆ ಊದುತ್ತಾರೆ. ಕತ್ತು ಹಿಸುಕಿಸಿಕೊಂಡ ಮೊಲ ಇಪ್ಪತ್ತು ನಿಮಿಷ ಬಿಡದೆ ಕೂಗುವುದಿಲ್ಲ ಎಂಬುದು ಕಯೋಟಿಗೆ ಚೆನ್ನಾಗಿ ಗೊತ್ತು. ಬೂದು ನರಿಯಾದರೆ ನಾಲ್ಕೈದು ನಿಮಿಷದೊಳಗೆ ಓಡಿಬಂದುಬಿಡುತ್ತದೆ. ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಅರ್ಧ ತಾಸು ತೆಗೆದುಕೊಂಡು, ಹತ್ತು ಹೆಜ್ಜೆಗೊಮ್ಮೆ ಕುಳಿತು ನೋಡಿ, ಬಂದರೆ ಬಂತು. ಎಲ್ಲಕ್ಕಿಂತ ಹತ್ತಿರ ಬರುವುದು ಕೊಂಬಿನ ಗೂಬೆ. ಒಮ್ಮೆ ನಾನು ಬೊಗಸೆಯೊಳಗೆ ಮೆಲ್ಲಗೆ ಕೀಚಲು ತೆಗೆಯುತ್ತಿದ್ದಾಗ ತಲೆಯ ಮೇಲಿನ ಗಾಳಿ ಇದ್ದಕ್ಕಿದ್ದಂತೆ ಭಾರವಾದಂತಾಯಿತು. ಸದ್ದೇ ಇಲ್ಲ. ಉಗುರು ಟೋಪಿಯ ಬಟ್ಟೆಯನ್ನು ಗೀರಿ, ರೆಕ್ಕೆಯ ಗಾಳಿ ಕೆನ್ನೆಗೆ ಬಡಿದು, ನಕ್ಷತ್ರಗಳನ್ನು ಒಂದು ಕ್ಷಣ ಅಳಿಸಿದ ಕಪ್ಪು ಆಕಾರವೊಂದು ಮೆಸ್ಕೀಟಿನ ಆಚೆ ಹೋಯಿತು. ಮೊಲದ ಪಾಡು ಎಂಥದ್ದೆಂದು ನನ್ನ ಬೆನ್ನುಹುರಿಗೆ ಆಗ ತಿಳಿಯಿತು.

ಮೊದಲು ಕೆಂಪು ದೀಪ ಹಿಡಿದು ಕಣ್ಣು ಹುಡುಕುತ್ತಿದ್ದರು. ಕಯೋಟಿಯ ಕಣ್ಣಿನ ಹಿಂಬದಿಯ ಪೊರೆ ಬೆಳಕನ್ನು ತಿರುಗಿ ಎಸೆಯುವುದರಿಂದ ಕತ್ತಲಲ್ಲಿ ಎರಡು ಕೆಂಡ ಹೊತ್ತಿಕೊಳ್ಳುತ್ತವೆ. ನಾಯಿಯ ಕುಲದ ಪ್ರಾಣಿಗಳ ಕಣ್ಣಿಗೆ ಕೆಂಪು ಬಣ್ಣ ಮಂಕಾಗಿ ಕಾಣುವುದರಿಂದ ಅವು ಬೆದರುವುದು ಕಡಿಮೆ. ಈಗ ಥರ್ಮಲ್ ದುರ್ಬೀನು ಬಂದಿದೆ. ಮೈಯ ಕಾವನ್ನೇ ಚಿತ್ರ ಮಾಡಿ ತೋರಿಸುವ ಅದರಲ್ಲಿ ಕಪ್ಪು ಬಯಲಿನ ಮೇಲೆ ಬಿಳಿ ಪ್ರಾಣಿ ನಡೆದುಬರುತ್ತದೆ. ಅದರ ಬೆಲೆಗೆ ನಮ್ಮ ಕಡೆ ಒಂದು ಸಣ್ಣ ಮಂದೆ ಕಟ್ಟಬಹುದು. ಅದರ ಅಪಾಯವನ್ನೂ ಹೇಳಬೇಕು: ಕಾವು ಕಾಣುತ್ತದೆ, ಮುಖ ಕಾಣುವುದಿಲ್ಲ. ಕಾವಲುನಾಯಿ, ಜಿಂಕೆಮರಿ, ಬೇಲಿ ದುರಸ್ತಿಗೆ ಬಂದ ಮನುಷ್ಯ ಎಲ್ಲರೂ ಬಿಳಿ ಮಚ್ಚೆಗಳೇ. ದೂರದ ಅಳತೆ ತಪ್ಪುತ್ತದೆ, ಗುರಿಯ ಹಿಂದೆ ಮಣ್ಣಿನ ದಿಬ್ಬವಿದೆಯೋ ಪಕ್ಕದ ಹೆದ್ದಾರಿಯಿದೆಯೋ ತಿಳಿಯುವುದಿಲ್ಲ. ಹಿರಿಯರು ಹಗಲಲ್ಲಿ ನಡೆದು ನೋಡದ ಜಾಗದಲ್ಲಿ ರಾತ್ರಿ ಬಂದೂಕು ಎತ್ತುವುದಿಲ್ಲ. ಪ್ರಾಣಿ ಇಂಥದ್ದೇ ಎಂದು ನಡಿಗೆಯಿಂದ, ಬಾಲ ಇಳಿಬಿಟ್ಟ ರೀತಿಯಿಂದ ಖಾತ್ರಿಯಾಗುವವರೆಗೆ ಬೆರಳು ಕುದುರೆಯ ಮೇಲೆ ಹೋಗುವುದಿಲ್ಲ. ನಾನು ಅವರ ಜೊತೆಗೆ ಹೋಗುವುದಕ್ಕೆ ಇದೊಂದೇ ಕಾರಣ ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಂದ ಕಯೋಟಿ ಯಾವುದು?

ಕಯೋಟಿ ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಬಹಳ ಚಿಕ್ಕದು. ಹತ್ತರಿಂದ ಹದಿನೈದು ಕಿಲೋ ತೂಗುತ್ತದೆ. ಗಂಡು ಹೆಣ್ಣಿನ ಒಂದು ಜೋಡಿ ಒಂದು ಸೀಮೆಯನ್ನು ಹಿಡಿದು ಬಾಳುತ್ತದೆ. ಜನವರಿಯಿಂದ ಮಾರ್ಚಿಯೊಳಗೆ ಕೂಡಿ, ಸುಮಾರು 63 ದಿನದ ಮೇಲೆ ಬಿಲದಲ್ಲಿ ಮರಿ ಹಾಕುತ್ತದೆ. ಮರಿಗಳು ಬೆಳೆದು ಅಕ್ಟೋಬರ್ ಬಂತೆಂದರೆ ಮನೆ ಬಿಟ್ಟು ಸೀಮೆ ಹುಡುಕಿಕೊಂಡು ಅಲೆಯತೊಡಗುತ್ತವೆ. ಬೇಟೆಗಾರರು ಹೆಚ್ಚಾಗಿ ಕರೆಯಲು ಹೊರಡುವುದು ಅದೇ ಹೊತ್ತಿಗೆ. ಚಳಿ ಶುರು, ರಾತ್ರಿ ಉದ್ದ, ತುಪ್ಪಳ ದಪ್ಪ. ಆಗ ಪೀಪಿಗೆ ಓಡಿಬರುವವು ಯಾರು? ಆರೇಳು ತಿಂಗಳ ಮರಿಗಳು. ಸೀಮೆ ಇಲ್ಲದವು, ಹಸಿದವು, ಗಾಳಿ ನೋಡಲು ಇನ್ನೂ ಕಲಿಯದವು. ಹಲ್ಲು ನೋಡಿದರೆ ತಿಳಿಯುತ್ತದೆ: ಸವೆತವಿಲ್ಲದ ಬಿಳಿ ಹೊಸ ಹಲ್ಲು. ಪಿಕಪ್ಪಿನ ಹಿಂಬದಿಯಲ್ಲಿ ಸಾಲಾಗಿ ಮಲಗಿಸಿದ ಕಯೋಟಿಗಳ ತುಟಿ ಎತ್ತಿ ನೋಡುವ ಅಭ್ಯಾಸ ನನ್ನದು. ಮುದಿ ಹಲ್ಲು ಸಿಗುವುದು ಅಪರೂಪ.

ಕುರಿಮರಿಯನ್ನು ಕೊಲ್ಲುವವು ಯಾವುವು ಎಂದು ಕೇಳಿದರೆ ಉತ್ತರ ಬೇರೆ. ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡಿನಲ್ಲಿ ಒಂದು ಸಂಶೋಧನಾ ಕೇಂದ್ರವಿದೆ, ಅಲ್ಲಿ ಕುರಿಮಂದೆಯೂ ಇದೆ. 1990ರ ದಶಕದಲ್ಲಿ ಅಲ್ಲಿನ ಸಂಶೋಧಕರು ಕಯೋಟಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಯಾವ ಕುರಿ ಸತ್ತ ಹೊತ್ತಿಗೆ ಯಾವ ಕಯೋಟಿ ಎಲ್ಲಿತ್ತೆಂದು ಹೊಂದಿಸಿ ನೋಡಿದರು. ಕುರಿ ಕೊಂದವು ಬಹುಮಟ್ಟಿಗೆ ಸೀಮೆ ಹಿಡಿದ, ಮರಿ ಹಾಕುವ ಜೋಡಿಗಳು, ಅದೂ ತಮ್ಮ ಸೀಮೆಯೊಳಗೆ ಮೇಯಲು ಬಂದ ಕುರಿಗಳನ್ನು. ಅಲೆಮಾರಿ ಮರಿಗಳ ಪಾಲು ತೀರಾ ಸಣ್ಣದು. ಉತಾಹ್ ರಾಜ್ಯದಲ್ಲಿ ನಡೆಸಿ 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಕೆಲವು ಜೋಡಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಬಿಟ್ಟರು. ಅವು ತಮ್ಮ ಸೀಮೆಯನ್ನು ಬಿಟ್ಟುಹೋಗಲಿಲ್ಲ, ಜೋಡಿಯೂ ಒಡೆಯಲಿಲ್ಲ, ಆದರೆ ಕುರಿಮರಿ ಕೊಲ್ಲುವುದು ಬಹಳ ಇಳಿಯಿತು. ಹೊಟ್ಟೆಗೆ ಇಲಿ, ಮೊಲ, ಹಣ್ಣು ಸಾಕಾಗಿದ್ದ ಜೋಡಿ, ಬಿಲದಲ್ಲಿ ಐದಾರು ಬಾಯಿ ತೆರೆದುಕೊಂಡಾಗ ದೊಡ್ಡ ಬೇಟೆಗೆ ಕೈಹಾಕುತ್ತದೆ ಎಂದು ಇದರ ಅರ್ಥ.

ಎರಡನ್ನೂ ಜೋಡಿಸಿ ನೋಡಿ. ಚಳಿಗಾಲದ ರಾತ್ರಿ ಪೀಪಿಗೆ ಬಂದು ಸಾಯುವುದು ಕುರಿಯ ರುಚಿಯನ್ನೇ ಕಾಣದ ಮರಿ. ಕುರಿ ಕೊಲ್ಲುವ ಮುದಿ ಜೋಡಿ ದೂರದ ದಿಬ್ಬದಲ್ಲಿ ಕುಳಿತು, ಮೊಲ ಕೂಗಿದ್ದನ್ನೂ ಗುಂಡು ಹಾರಿದ್ದನ್ನೂ ಪಿಕಪ್ ಹೊರಟಿದ್ದನ್ನೂ ಒಂದಾದ ಮೇಲೊಂದು ಕೇಳಿಸಿಕೊಳ್ಳುತ್ತದೆ. ಗುರಿ ತಪ್ಪಿದ ಪ್ರತಿ ಗುಂಡೂ ಅದಕ್ಕೆ ಒಂದು ಪಾಠ. ಸುತ್ತಮುತ್ತಲಿನ ಅಲೆಮಾರಿಗಳು ಸತ್ತರೆ ಮೊಲ ಇಲಿಗಳಿಗೆ ಪೈಪೋಟಿ ತಗ್ಗುತ್ತದೆ, ಮೇವು ಹೆಚ್ಚಿದಲ್ಲಿ ಮರಿಗಳೂ ಹೆಚ್ಚು ಉಳಿಯುತ್ತವೆ. ದಕ್ಷಿಣ ಟೆಕ್ಸಸ್ಸಿನಲ್ಲಿ ಹೆಚ್ಚು ಕೊಲ್ಲುವ ಕಡೆ ಒಂದೊಂದು ಸೂಲಿನ ಮರಿಗಳ ಸಂಖ್ಯೆಯೂ ಹೆಚ್ಚು ಎಂಬ ಸಂಗತಿ 1972ರಷ್ಟು ಹಿಂದೆಯೇ ದಾಖಲಾಗಿದೆ. 1975ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು: ವರ್ಷ ವರ್ಷವೂ ನೂರಕ್ಕೆ 75ರಂತೆ ಕೊಂದರೂ ಒಂದು ಪ್ರದೇಶದ ಕಯೋಟಿಗಳು ಪೂರ್ತಿ ಅಳಿಯಲು ಸುಮಾರು 50 ವರ್ಷ ಬೇಕು. ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ವಿಭಾಗವೊಂದೇ ಕೊಂದ ಕಯೋಟಿಗಳ ಸಂಖ್ಯೆ ಎಷ್ಟೋ ವರ್ಷ ಅರವತ್ತು ಸಾವಿರ ದಾಟಿದೆ. ಒಂದು ಕಾಲಕ್ಕೆ ಪಶ್ಚಿಮದ ಬಯಲಿನ ಪ್ರಾಣಿಯಾಗಿದ್ದ ಕಯೋಟಿ ಈಗ ಹವಾಯಿಯೊಂದನ್ನು ಬಿಟ್ಟು ಉಳಿದ 49 ರಾಜ್ಯಗಳಲ್ಲೂ ಇದೆ, ನ್ಯೂಯಾರ್ಕ್, ಷಿಕಾಗೊ ನಗರಗಳೊಳಗೂ ಇದೆ.

ಹಾಗಾದರೆ ಕೊಲ್ಲಲೇಬಾರದೆಂದು ನಾನು ಹೇಳುತ್ತಿಲ್ಲ. ಕುರಿಗಾರನ ಮಗನಿಗೆ ಅದು ಸಾಧ್ಯವೂ ಇಲ್ಲ. ಒಂದು ಫೆಬ್ರುವರಿಯ ಬೆಳಿಗ್ಗೆ ಕಂಡದ್ದನ್ನು ಹೇಳುತ್ತೇನೆ. ಕುರಿಗಳು ಈಯುತ್ತಿದ್ದ ಕಾಲ. ಬೇಲಿಯ ಮೂಲೆಯಲ್ಲಿ ಎರಡು ಮೂರು ದಿನದ ಮರಿಯೊಂದು ಸತ್ತು ಬಿದ್ದಿತ್ತು. ತಾಯಿ ಕೆಚ್ಚಲು ಬಿಗಿದುಕೊಂಡು ಅದರ ಸುತ್ತ ತಿರುಗುತ್ತಿತ್ತು. ಹಿರಿಯರು ಮೊಣಕಾಲೂರಿ ಕುಳಿತರು. ಮೊದಲು ಮರಿಯ ಗೊರಸಿನ ತುದಿ ಮುಟ್ಟಿ ನೋಡಿದರು. ಹುಟ್ಟುವಾಗ ಗೊರಸಿನ ಮೇಲೆ ಮೆತ್ತನೆಯ ಪೊರೆಯಿರುತ್ತದೆ. ನಡೆದ ಮರಿಯಲ್ಲಿ ಅದು ಸವೆದಿರುತ್ತದೆ. ಸವೆದಿತ್ತು. ಆಮೇಲೆ ಚಾಕು ತೆಗೆದು ಗಂಟಲಿನ ಚರ್ಮವನ್ನು ಕಿವಿಯ ಕೆಳಗಿನಿಂದ ಎದೆಯವರೆಗೆ ಸೀಳಿ ಹಿಂದಕ್ಕೆ ಮಡಚಿದರು. ಹೊರಗೆ ನಾಲ್ಕು ಚಿಕ್ಕ ತೂತು, ಉಣ್ಣೆಯಲ್ಲಿ ಕಂಡೂ ಕಾಣದಷ್ಟು. ಒಳಗೆ ಚರ್ಮದಡಿ ಅಂಗೈ ಅಗಲಕ್ಕೆ ಕಪ್ಪು ಕೆಂಪು ನೆತ್ತರು ಹೆಪ್ಪುಗಟ್ಟಿತ್ತು. ಸತ್ತ ಮೇಲೆ ಕಚ್ಚಿದರೆ ನೆತ್ತರು ಹಾಗೆ ಹರಡುವುದಿಲ್ಲ, ಹೃದಯ ಬಡಿಯುತ್ತಿರಬೇಕು. ಹೊಟ್ಟೆ ಸೀಳಿದಾಗ ಮೊಸರಾದ ಹಾಲು ಸಿಕ್ಕಿತು. ಹಾಲು ಕುಡಿದು, ನಡೆದಾಡಿ, ಬದುಕಿದ್ದ ಮರಿಯನ್ನು ಗಂಟಲು ಹಿಡಿದು ಕೊಂದದ್ದು ಕಯೋಟಿಯೇ. ನಾಯಿಯಾಗಿದ್ದರೆ ತೊಡೆ, ಪಕ್ಕೆ, ಬಾಲ ಎಂದು ಸಿಕ್ಕಲ್ಲಿ ಹರಿದಿರುತ್ತಿತ್ತು.

ನಾನು ಈ ಪರೀಕ್ಷೆಯನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಚಳಿಗೆ ಸತ್ತ ಮರಿ, ಸತ್ತೇ ಹುಟ್ಟಿದ ಮರಿ, ತಾಯಿ ಒಲ್ಲದೆ ಹಸಿದು ಸತ್ತ ಮರಿ ಎಲ್ಲವನ್ನೂ ಕಯೋಟಿಗಳು ರಾತ್ರಿ ಬಂದು ತಿನ್ನುತ್ತವೆ. ಬೆಳಿಗ್ಗೆ ನೋಡಿದವನ ಕಣ್ಣಿಗೆ ಎಲ್ಲವೂ ಕಯೋಟಿಯ ಕೊಲೆಗಳೇ. ಚರ್ಮದಡಿಯ ನೆತ್ತರನ್ನು ನೋಡದೆ ಬಂದೂಕು ಎತ್ತಿಕೊಂಡು ಹೊರಟವನು ತನ್ನ ಮಂದೆಗೂ ನ್ಯಾಯ ಮಾಡುವುದಿಲ್ಲ, ಏಕೆಂದರೆ ನಿಜವಾಗಿ ಮರಿಗಳನ್ನು ಕೊಲ್ಲುತ್ತಿರುವ ಚಳಿ, ರೋಗ, ಮೇವಿನ ಕೊರತೆಗಳ ಕಡೆ ಅವನ ಗಮನ ಹೋಗುವುದೇ ಇಲ್ಲ.

ಅದೇ ಮೂಲೆಯಲ್ಲಿ ಮರಿಗಳು ಸಾಯುತ್ತಲೇ ಹೋದವು. ಮೊಲದ ಕರೆಗೆ ಅಲ್ಲಿ ಯಾವುದೂ ಬರಲಿಲ್ಲ. ಶರತ್ಕಾಲದಲ್ಲಿ ಹಿರಿಯರ ಮಗ ತನ್ನ ಗೆಳೆಯರೊಂದಿಗೆ ಅದೇ ಜಾಗದಲ್ಲಿ ಸ್ಪೀಕರ್ ಇಟ್ಟು ಎರಡು ಮರಿ ಕಯೋಟಿ ಹೊಡೆದಿದ್ದ. ಮೊಲ ಎಂದರೇನು ಎಂದು ಆ ಜೋಡಿಗೆ ಆಗಲೇ ಗೊತ್ತಾಗಿತ್ತು. ನಾವು ಕರೆಯುವುದನ್ನು ನಿಲ್ಲಿಸಿ ಕೇಳಲು ಕುಳಿತೆವು. ಸಂಜೆ ಹೊತ್ತು ಮುಳುಗಿದ ಮೇಲೆ ಹೆದ್ದಾರಿಯಲ್ಲಿ ಆಂಬುಲೆನ್ಸ್ ಸೈರನ್ ಹೋದರೆ ಕಯೋಟಿಗಳು ತಡೆಯಲಾರದೆ ಊಳಿಡುತ್ತವೆ. ಪಿಕಪ್ಪಿನಲ್ಲಿ ಒಂದು ಸಣ್ಣ ಸೈರನ್ ಇಟ್ಟುಕೊಂಡು ಬೇರೆ ಬೇರೆ ಜಾಗದಿಂದ ಕೂಗಿಸಿ, ಉತ್ತರ ಬಂದ ದಿಕ್ಕನ್ನು ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸಿದೆವು. ಎರಡೇ ಕಯೋಟಿ ಸೇರಿ ಊಳಿಟ್ಟರೂ ಏಳೆಂಟು ಇರುವಂತೆ ಕೇಳಿಸುತ್ತದೆ. ದನಿಯನ್ನು ಮುರಿದು, ತಿರುಚಿ, ಒಂದರ ಮೇಲೊಂದು ಹಾಕುವ ಅವುಗಳ ರೀತಿಯೇ ಹಾಗೆ. ಕಿವಿ ಪಳಗಿದ ಮೇಲೆ ಗಂಡಿನ ದಪ್ಪ ಊಳು, ಹೆಣ್ಣಿನ ಒಡೆದ ಕೂಗು ಬೇರೆ ಬೇರೆಯಾಗಿ ಕೇಳಿಸತೊಡಗಿದವು. ಗೆರೆಗಳು ಒಣಹಳ್ಳದ ದಂಡೆಯೊಂದರಲ್ಲಿ ಕೂಡಿದವು.

ಮೇ ತಿಂಗಳಲ್ಲಿ ಹಳ್ಳದ ಆಚೆ ದಡದಲ್ಲಿ ಕುಳಿತು ಕಯೋಟಿ ಮರಿಯ ನೋವಿನ ಕೂಗನ್ನು ಊದಿದೆ. ಹಸಿವಿಗೆ ಬಾರದಿದ್ದವು ಅದಕ್ಕೆ ಬಂದವು. ಗಾಳಿ ನೋಡಲಿಲ್ಲ, ಸುತ್ತಿ ಬರಲಿಲ್ಲ. ಎರಡೂ ನೇರವಾಗಿ, ಕೂದಲು ನಿಗುರಿಸಿಕೊಂಡು, ಬೊಗಳುತ್ತ ಬಂದವು. ಹಿರಿಯರು ಗಂಡನ್ನು ಹೊಡೆದರು. ಹೆಣ್ಣು ತಪ್ಪಿಸಿಕೊಂಡಿತು. ಸತ್ತ ಗಂಡಿನ ಹಲ್ಲುಗಳು ತುದಿ ಸವೆದು ಹಳದಿಗಟ್ಟಿದ್ದವು, ಮುಂಗಾಲಿನಲ್ಲಿ ಹಳೆಯ ಬೋನಿನ ಗಾಯವಿತ್ತು. ಆ ವರ್ಷ ಅಲ್ಲಿ ಮತ್ತೆ ಕುರಿಮರಿ ಸಾಯಲಿಲ್ಲ. ತಾಯ್ತನವನ್ನೂ ತಂದೆತನವನ್ನೂ ಹಿಡಿದು ಎಳೆಯುವ ಆ ಕೂಗನ್ನು ಊದಿದ್ದು ನಾನೇ, ಅದರ ಭಾರ ನನಗೆ ಗೊತ್ತಿದೆ. ಆದರೂ ಅದೊಂದು ಸಾವನ್ನು ನಾನು ಸಮರ್ಥಿಸಬಲ್ಲೆ. ಯಾವ ಪ್ರಾಣಿ, ಯಾವ ಕಾರಣಕ್ಕೆ, ಯಾವ ಮೂಲೆಯಲ್ಲಿ ಎಂಬ ಮೂರೂ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿತ್ತು. ಶರತ್ಕಾಲದಲ್ಲಿ ಸತ್ತ ಆ ಎರಡು ಎಳೆಯ ಕಯೋಟಿಗಳ ಬಗ್ಗೆ ಅಂಥ ಒಂದು ಉತ್ತರವೂ ಇರಲಿಲ್ಲ.

ಹೀಗಿರುವಾಗ ಪಂದ್ಯ ಕಟ್ಟಿ ಕೊಲ್ಲುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪಶ್ಚಿಮ ಟೆಕ್ಸಸ್ಸಿನಲ್ಲಿ ಚಳಿಗಾಲದ ವಾರಾಂತ್ಯಗಳಲ್ಲಿ ಇಂಥ ಪಂದ್ಯಗಳು ನಡೆಯುತ್ತವೆ. ತಂಡಗಳು ರಾತ್ರಿಯಿಡೀ ಕರೆದು ಹೊಡೆದು, ಬೆಳಿಗ್ಗೆ ತಕ್ಕಡಿಯ ಮುಂದೆ ಸಾಲು ನಿಲ್ಲುತ್ತವೆ. ಹೆಚ್ಚು ಕೊಂದವರಿಗೆ, ಭಾರದ ಬಾಬ್‌ಕ್ಯಾಟ್ ತಂದವರಿಗೆ ಬಹುಮಾನ. ದೊಡ್ಡ ಪಂದ್ಯಗಳ ಮೊತ್ತ ಲಕ್ಷ ಡಾಲರ್ ಮುಟ್ಟುತ್ತದೆ. ಕುರಿಗಾರರಿಗೆ ಸಹಾಯ ಎಂಬುದು ಅವರು ಮುಂದಿಡುವ ಸಮರ್ಥನೆ. ಕುರಿಯೇ ಇಲ್ಲದ ದನದ ರ್ಯಾಂಚುಗಳಲ್ಲಿ, ಕುರಿ ಈಯದ ತಿಂಗಳಲ್ಲಿ, ಕುರಿ ಮುಟ್ಟದ ವಯಸ್ಸಿನ ಕಯೋಟಿಗಳನ್ನು ಕೊಂದರೆ ಯಾವ ಕುರಿಗಾರನಿಗೆ ಏನು ಸಹಾಯ? ಕ್ಯಾಲಿಫೋರ್ನಿಯಾ 2014ರಲ್ಲಿ ಇಂಥ ಬಹುಮಾನಗಳನ್ನು ನಿಷೇಧಿಸಿತು. ಆಮೇಲೆ ವರ್ಮಾಂಟ್, ನ್ಯೂ ಮೆಕ್ಸಿಕೊ, ಅರಿಜೋನ, ಕೊಲೊರಾಡೊ, ನ್ಯೂಯಾರ್ಕ್ ಮುಂತಾದ ರಾಜ್ಯಗಳು ಒಂದೊಂದಾಗಿ ಪಂದ್ಯಗಳನ್ನು ನಿಲ್ಲಿಸಿವೆ. ಟೆಕ್ಸಸ್ಸಿನಲ್ಲಿ ನಿಷೇಧವಿಲ್ಲ, ಕಯೋಟಿಗೆ ಇಲ್ಲಿ ಬೇಟೆಯ ಋತುವೆಂಬುದೂ ಇಲ್ಲ, ವರ್ಷವಿಡೀ ಹೊಡೆಯಬಹುದು. ಹಿರಿಯರ ಮಗ ಪಂದ್ಯಕ್ಕೆ ಕರೆಯುವವನಾಗಿ ಬಾ ಎಂದು ಒಮ್ಮೆ ನನ್ನನ್ನು ಕೇಳಿದ. ಒಲ್ಲೆ ಎಂದೆ. ಅವನಿಗೆ ನೋವಾಯಿತು. ಅವನು ಕೆಟ್ಟ ಹುಡುಗನಲ್ಲ, ಹಿಮ ಬಿದ್ದ ರಾತ್ರಿ ಕುರಿಮರಿಗಳನ್ನು ಕೋಟಿನೊಳಗೆ ಹಾಕಿಕೊಂಡು ಒಲೆಯ ಮುಂದೆ ತಂದಿಡುವವನು.

ನಮ್ಮ ಕಡೆಯ ತೋಳದ ಮಾತನ್ನು ಇಲ್ಲಿ ಹೇಳದಿದ್ದರೆ ಬರಹ ಅರ್ಧವಾಗುತ್ತದೆ. ಕೊಪ್ಪಳ, ಗದಗ, ಹಾವೇರಿ ಸೀಮೆಯ ಕುರಿಗಾರರು ತೋಳದ ಜೊತೆ ತಲೆಮಾರುಗಳಿಂದ ಬಾಳಿದವರು. ತೋಳ ಮರಿ ಎತ್ತಿಕೊಂಡು ಹೋಗದ ವರ್ಷವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕೊಲ್ಲುವುದು ಅಪರಾಧ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಗುಡ್ಡಗಳು ಈಗ ತೋಳಧಾಮ. ಹೀಗಿದ್ದೂ ಮಂದೆಗಳು ನಡೆಯುತ್ತವೆ, ಏಕೆಂದರೆ ಅಲ್ಲಿ ಮನುಷ್ಯ ಇದ್ದಾನೆ. ಮರಿಗಳನ್ನು ಬಲೆಯೊಳಗೆ ಹಾಕಿ, ನಾಯಿಗಳನ್ನು ಸುತ್ತ ಮಲಗಿಸಿ, ಸರದಿಯ ಮೇಲೆ ಎಚ್ಚರವಿದ್ದು ಕೂಗು ಹಾಕುವ ಮನುಷ್ಯ. ಇದನ್ನು ನಾನು ವೈಭವೀಕರಿಸುವುದಿಲ್ಲ. ಅಪ್ಪನ ಮೊಣಕಾಲು ಆ ರಾತ್ರಿಗಳಲ್ಲೇ ಹೋಯಿತು, ನಾನು ಓದಿ ದೂರ ಬಂದದ್ದೂ ಆ ಬದುಕಿನಿಂದ ಪಾರಾಗಲೆಂದೇ. ಸತ್ತ ಕುರಿಗೆ ಪರಿಹಾರ ಸಿಗುವುದು ತಡವಾಗುತ್ತದೆ, ಕಾಗದಪತ್ರ ಹೊಂದಿಸಲಾಗದೆ ಕೈಬಿಡುವವರೂ ಇದ್ದಾರೆ. ತೋಳ ಉಳಿದಿರುವುದರ ಖರ್ಚನ್ನು ನಾಡಿನ ಅತಿ ಬಡವರಲ್ಲಿ ಕೆಲವರು ತಮ್ಮ ನಿದ್ದೆಯಿಂದ ಕಟ್ಟಿಕೊಡುತ್ತಿದ್ದಾರೆ. ಅದನ್ನು ತೋಳಪ್ರಿಯರು ಮರೆಯಬಾರದು.

ಟೆಕ್ಸಸ್ಸಿನಲ್ಲಿ ಕೂಲಿ ಕೊಟ್ಟು ಕುರಿಗಾರನನ್ನು ಇಡುವುದು ಈಗ ಸಾಧ್ಯವಿಲ್ಲ. ನಾಯಿ ಸಾಧ್ಯ. 1970ರ ದಶಕದಿಂದೀಚೆಗೆ ಯುರೋಪು, ತುರ್ಕಿಗಳ ಕಾವಲುನಾಯಿ ತಳಿಗಳನ್ನು ಅಮೆರಿಕದ ಕುರಿಸಾಕಣೆದಾರರು ತರಿಸಿಕೊಂಡರು: ಬಿಳಿಯ ಗ್ರೇಟ್ ಪಿರನೀಸ್, ಕಂದು ಮೈಯ ಅನಟೋಲಿಯನ್. ಮರಿಯಾಗಿದ್ದಾಗಲೇ ಕುರಿಗಳ ನಡುವೆ ಬಿಟ್ಟರೆ ಅವು ಮಂದೆಯನ್ನೇ ತಮ್ಮ ಮನೆ ಎಂದುಕೊಳ್ಳುತ್ತವೆ. ಮನುಷ್ಯ ಹೆಚ್ಚು ಮುದ್ದು ಮಾಡಬಾರದು. ಮಾಡಿದರೆ ಮಂದೆ ಬಿಟ್ಟು ಮನೆಯ ಮೆಟ್ಟಿಲಿಗೆ ಬಂದು ಮಲಗುತ್ತವೆ. ರಾತ್ರಿಯಿಡೀ ಬೊಗಳುತ್ತ, ಬೇಲಿಯುದ್ದಕ್ಕೂ ಮೂತ್ರ ಹೊಯ್ದು ಗುರುತು ಹಾಕುತ್ತ ತಿರುಗುವ ನಾಯಿಗಳ ಸೀಮೆಗೆ ಕಯೋಟಿ ಜೋಡಿ ಸುಲಭಕ್ಕೆ ಕಾಲಿಡುವುದಿಲ್ಲ. ಅಪ್ಪನ ಪ್ರಶ್ನೆಯನ್ನು ಹಿರಿಯರಿಗೆ ಇಂಗ್ಲಿಷಿನಲ್ಲಿ ಹೇಳಿದ್ದೆ. ಅವರು ತುಸು ಹೊತ್ತು ಸುಮ್ಮನಿದ್ದು, ತಮ್ಮ ಅಜ್ಜನ ಬಳಿ ಕುರಿ ಕಾಯುತ್ತಿದ್ದ ಮೆಕ್ಸಿಕನ್ ಕುರಿಗಾರನ ಗುಡಿಸಲಿನ ಕಲ್ಲುಗಳು ಇನ್ನೂ ಬಡಗಣ ಕಾವಲಿನಲ್ಲಿವೆ ಎಂದರು. ಮುಂದಿನ ವಾರ ಎರಡು ಪಿರನೀಸ್ ಮರಿಗಳನ್ನು ತಂದರು.

ಗಂಡು ಸತ್ತ ಮರುವರ್ಷ ಒಣಹಳ್ಳದ ದಂಡೆಯಲ್ಲಿ ಆ ಹೆಣ್ಣು ಹೊಸ ಗಂಡಿನೊಂದಿಗೆ ಮತ್ತೆ ಊಳಿಡತೊಡಗಿತು. ಅದೇ ಹೆಣ್ಣೆಂದು ಹೇಗೆ ಹೇಳುತ್ತೇನೆಂದರೆ ಅದರ ಕೂಗು ಕೊನೆಯಲ್ಲಿ ಎರಡಾಗಿ ಒಡೆಯುತ್ತದೆ. ಈ ಜೋಡಿ ಬಿಲ ಮಾಡಿತು, ಮರಿ ಹಾಕಿತು. ನಾಯಿಗಳು ಬೆಳೆದು ಮಂದೆಯೊಂದಿಗೆ ತಿರುಗುತ್ತಿದ್ದವು. ಆ ಮೂಲೆಯಲ್ಲಿ ಗಂಟಲು ತೂತಾದ ಮರಿ ಸಿಗಲಿಲ್ಲ. ಹಿರಿಯರು ನನ್ನನ್ನು ಪೀಪಿ ಊದಲು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ನಾನೂ ಕೇಳಲಿಲ್ಲ. ಕುರಿ ಮುಟ್ಟದ ಜೋಡಿ ತನ್ನ ಸೀಮೆಯೊಳಗೆ ಬೇರೆ ಕಯೋಟಿಗಳನ್ನು ಬಿಟ್ಟುಕೊಳ್ಳುವುದಿಲ್ಲ. ಅದನ್ನು ಕೊಂದರೆ ಖಾಲಿ ಜಾಗಕ್ಕೆ ಎಂಥದ್ದು ಬರುತ್ತದೋ ಹೇಳಲಾಗದು. ಆ ಕಾವಲಿನಲ್ಲಿ ಈ ಚಳಿಗಾಲ ಯಾರೂ ಪೀಪಿ ಊದಬಾರದು, ಸ್ಪೀಕರ್ ಇಡಬಾರದು ಎಂದು ಅವರು ಮಗನಿಗೆ ಹೇಳಿದ್ದಾರೆ. ಮಗ ಇನ್ನೂ ಒಪ್ಪಿಲ್ಲ. ಜನವರಿಯ ಪಂದ್ಯಕ್ಕೆ ಅವನ ತಂಡ ಹೆಸರು 
ಕೊಟ್ಟಾಗಿದೆ, ಹಳ್ಳದ ದಂಡೆ ಅವನಿಗೆ ಬೇಕಾದ ಜಾಗ. ಕುರಿ ಈಯುವುದು ಶುರುವಾಗುವ ಮೊದಲು ತಂದೆ ಮಗ ಕುಳಿತು ಮಾತಾಡುತ್ತಾರಂತೆ, ನನ್ನನ್ನೂ ಬರಲು ಹೇಳಿದ್ದಾರೆ. ಹಾಪ್‌ಲ್ಯಾಂಡಿನ ಲೆಕ್ಕವನ್ನು ಮುದ್ರಿಸಿಕೊಂಡು ಹೋಗುತ್ತಿದ್ದೇನೆ.